ಮರಹು ಬೇರೆ, ಮರೆವಿನ ಬೇನೆ ಬೇರೆ

ಶರಣರ ವಚನಗಳನ್ನು ನಿತ್ಯವೂ ಪಠಿಸುವ ಭಕ್ತರಿಗೆ ಅರುಹು, ಮರಹು ಎಂಬ ಎರಡು ಶಬ್ದಗಳು ಚಿರಪರಿಚಿತವಾದವು. ಅರುಹೆಂದರೆ ತನ್ನ ನಿಜವನ್ನು ತಾನು ತಿಳಿದಿರುವುದು. ಮರಹೆಂದರೆ ಆ ನಿಜಕ್ಕೆ ವಿಮುಖನಾಗಿ ದೇಹವನ್ನೂ ಧನವನ್ನೂ ಹಿರಿತನವನ್ನೂ ತಾನೆಂದು ಬಗೆದಿರುವುದು. ಈ ಮರಹು ಯೌವನದಲ್ಲಿಯೂ ಇರುವುದು, ಬುದ್ಧಿವಂತರಲ್ಲಿಯೂ ಇರುವುದು. ನೂರಾರು ವಚನಗಳನ್ನು ಕಂಠಪಾಠ ಮಾಡಿ ಒಪ್ಪಿಸಬಲ್ಲ ಪಂಡಿತನಲ್ಲಿಯೂ ಧಾರಾಳವಾಗಿ ಇರಬಲ್ಲದು. ಆದುದರಿಂದ ಅದು ಸ್ಮರಣಶಕ್ತಿಗೆ ಸಂಬಂಧಪಟ್ಟ ದೋಷವೇ ಅಲ್ಲ.

ಮುಪ್ಪಿನಲ್ಲಿ ಮಿದುಳು ಸವೆದು, ಉಂಡ ಊಟವೂ ಹೆತ್ತ ಮಗನ ಹೆಸರೂ ಮಲಗುವ ಕೋಣೆಯ ಬಾಗಿಲೂ ಮರೆತುಹೋಗುವುದು ಇದಕ್ಕಿಂತ ತೀರ ಬೇರೆಯಾದ ಸಂಗತಿ. ಅದು ಬೇನೆ. ಕಣ್ಣಿಗೆ ಪೊರೆ ಬಂದಂತೆ, ಮೊಣಕಾಲಿನ ಕೀಲು ಸವೆದಂತೆ, ಅಂಗಕ್ಕೆ ಬಂದ ಬೇನೆ. ಆದರೂ ಲೋಕದಲ್ಲಿ ಈ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ರೂಢಿ ಬಿದ್ದಿದೆ. ಲಿಂಗಪೂಜೆಯಿಲ್ಲದೆ ನೀರನ್ನೂ ಮುಟ್ಟದಿದ್ದ ಹಿರಿಯ ತಾಯಿಯೊಬ್ಬಳು ಪೂಜೆಯಾಯಿತೋ ಇಲ್ಲವೋ ಎಂಬುದನ್ನೇ ಮರೆತು ಕುಳಿತರೆ, ನೆಂಟರಿಷ್ಟರು ಬಂದು, “ಕಡೆಗಾಲಕ್ಕೆ ಲಿಂಗದ ನೆನಪೂ ಹೋಯಿತು, ಏನು ಕರ್ಮವೋ” ಎಂದು ನಿಟ್ಟುಸಿರಿಟ್ಟು ಚಹಾ ಕುಡಿದು ಹೋಗುವರು. ಆ ಮಾತು ಆ ಮನೆಯವರ ಎದೆಯಲ್ಲಿ ಮುಳ್ಳಾಗಿ ಉಳಿಯುವುದು. ಆದಕಾರಣ ಈ ಪಾಠದಲ್ಲಿ ಆ ಬೇನೆಯ ಸ್ವರೂಪವನ್ನೂ, ಅಂಥವರನ್ನು ಸಂರಕ್ಷಿಸುವ ಗೃಹಸ್ಥರ ಚಳಿಗಾಲದ ದಿನಚರ್ಯೆಯನ್ನೂ, ಅದರಲ್ಲಿ ಎದುರಾಗುವ ಆಚಾರದ ಪ್ರಶ್ನೆಯನ್ನೂ ವಿಚಾರಿಸಲಾಗುವುದು.

ಮೊದಲು ಒಂದು ಗಾದೆಯನ್ನು ಬದಿಗಿರಿಸಬೇಕಾಗಿದೆ. ‘ಅರವತ್ತಕ್ಕೆ ಅರಳುಮರಳು’ ಎಂಬ ಮಾತು ನಮ್ಮ ನಾಡಿನಲ್ಲಿ ಎಷ್ಟು ಬೇರೂರಿದೆಯೆಂದರೆ, ಹಿರಿಯರು ದಾರಿತಪ್ಪಿ ಓಣಿಯಲ್ಲಿ ಅಲೆದರೂ ಮನೆಯವರು ಅದನ್ನು ವಯಸ್ಸಿನ ಸಹಜಧರ್ಮವೆಂದು ಸುಮ್ಮನಿರುವರು. ಕನ್ನಡಕವನ್ನು ಎಲ್ಲಿಟ್ಟೆನೆಂದು ಹುಡುಕುವುದು ವಯೋಧರ್ಮ. ಕನ್ನಡಕವೆಂಬುದು ಯಾತಕ್ಕೆಂದೇ ತಿಳಿಯದೆ ಹೋಗುವುದು ರೋಗಲಕ್ಷಣ. 1906ರಲ್ಲಿ ಜರ್ಮನಿಯ ವೈದ್ಯ ಅಲೋಯಿಸ್ ಆಲ್ಝೈಮರ್ ಎಂಬಾತನು ಐವತ್ತರ ಆಸುಪಾಸಿನಲ್ಲಿಯೇ ನೆನಪನ್ನು ಕಳೆದುಕೊಂಡಿದ್ದ ಹೆಂಗಸೊಬ್ಬಳ ಮಿದುಳನ್ನು ಆಕೆಯ ಮರಣಾನಂತರ ಪರೀಕ್ಷಿಸಿ, ಅದರಲ್ಲಿ ಕಂಡ ವಿಕಾರಗಳನ್ನು ವಿದ್ವಾಂಸರ ಮುಂದೆ ವಿವರಿಸಿದನು. ಅವನ ಹೆಸರಿನ ಬೇನೆಯೇ ಇಂದು ಡಿಮೆನ್ಷಿಯಾ ಎಂಬ ಮರೆವಿನ ಬೇನೆಗಳಲ್ಲಿ ಅತ್ಯಂತ ಹೆಚ್ಚಾಗಿ ಕಾಣುವಂಥದು. ಮಿದುಳಿನ ರಕ್ತನಾಳಗಳು ಕಟ್ಟಿಕೊಂಡು ಬರುವ ಪ್ರಕಾರ ಇನ್ನೊಂದು. ರಕ್ತದೊತ್ತಡ, ಸಕ್ಕರೆ ಕಾಯಿಲೆಗಳನ್ನು ಅಲಕ್ಷಿಸಿದವರಿಗೆ ಅದರ ಭಯ ಹೆಚ್ಚು. ಭಾರತದಲ್ಲಿ 60 ವರ್ಷ ಮೀರಿದವರಲ್ಲಿ ನೂರಕ್ಕೆ ಸುಮಾರು 7 ಜನರಿಗೆ, ಒಟ್ಟಿನಲ್ಲಿ ಸುಮಾರು 88 ಲಕ್ಷ ಮಂದಿಗೆ ಈ ಬೇನೆಯಿದೆಯೆಂದು 2023ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿತು. ಗಂಡಸರಿಗಿಂತ ಹೆಂಗಸರಲ್ಲಿ, ಪಟ್ಟಣಕ್ಕಿಂತ ಹಳ್ಳಿಯಲ್ಲಿ ಅದರ ಪ್ರಮಾಣ ಅಧಿಕವೆಂಬುದೂ ಅದರಲ್ಲಿಯೇ ಕಂಡುಬಂದ ಸಂಗತಿ.

ಶಾಕಾಹಾರಿಗಳಾದ ನಮ್ಮ ಮನೆಗಳವರು ವಿಶೇಷವಾಗಿ ಗಮನಿಸತಕ್ಕ ವಿಷಯ ಒಂದುಂಟು. ಬಿ-12 ಎಂಬ ಜೀವಸತ್ವದ ಕೊರತೆಯಿಂದಲೂ ಮರೆವು, ಮಂಕು, ನಡಿಗೆಯ ತೊದರು ಉಂಟಾಗುತ್ತವೆ. ಥೈರಾಯಿಡ್ ಗ್ರಂಥಿಯ ಮಾಂದ್ಯದಿಂದಲೂ, ದೀರ್ಘಕಾಲದ ಮನೋವ್ಯಥೆಯಿಂದಲೂ ಹಾಗೆಯೇ. ಇವು ಚಿಕಿತ್ಸೆಯಿಂದ ಬಹುಮಟ್ಟಿಗೆ ಗುಣವಾಗಬಲ್ಲವು. ಒಂದು ರಕ್ತಪರೀಕ್ಷೆಯಿಂದ ತಿಳಿಯಬಹುದಾದುದನ್ನು ಅರಳುಮರಳೆಂದು ವರ್ಷಗಟ್ಟಲೆ ಬಿಟ್ಟರೆ ಅದು ಹಿರಿಯರಿಗೆ ಮಾಡಿದ ಅನ್ಯಾಯವೇ ಸರಿ. ಆಲ್ಝೈಮರ್ ಬೇನೆಗಾದರೋ ಸಂಪೂರ್ಣ ಗುಣಪಡಿಸುವ ಔಷಧವಿಲ್ಲ. ಕೆಲಕಾಲ ಅದರ ಲಕ್ಷಣಗಳನ್ನು ತಗ್ಗಿಸುವ ಮಾತ್ರೆಗಳಿವೆ. ಇದನ್ನು ತಿಳಿದಿದ್ದರೆ, ಗುಣಮಾಡಿಕೊಡುವೆನೆಂದು ಹಣ ಕೀಳುವವರ ಬಾಗಿಲಿಗೆ ಅಲೆಯುವುದು ತಪ್ಪುತ್ತದೆ.

ಅದಂತಿರಲಿ. ವಿಜಯಪುರದ ಕಡೆಯ ಒಂದು ಗೃಹಸ್ಥನ ಮನೆಯನ್ನು ದೃಷ್ಟಾಂತಕ್ಕಾಗಿ ಭಾವಿಸಿಕೊಳ್ಳೋಣ. ಯಜಮಾನನು ಸರಕಾರಿ ನೌಕರಿಯಿಂದ ನಿವೃತ್ತನಾದವನು, ವಯಸ್ಸು 62. ತಾಯಿಗೆ 84. ಮಕ್ಕಳು ದೂರದ ಪಟ್ಟಣಗಳಲ್ಲಿರುವರು. ನಿವೃತ್ತಿಯ ಮೇಲೆ ನಿಧಾನವಾಗಿ ವಚನಾಧ್ಯಯನ ಮಾಡಬೇಕು, ಕೂಡಲಸಂಗಮದಲ್ಲಿ ನಾಲ್ಕು ದಿನ ಇರಬೇಕು, ಶ್ರೀಶೈಲಕ್ಕೆ ಹೋಗಬೇಕು, ಭಾರತ ಹುಣ್ಣಿಮೆಗೆ ಉಳವಿಯ ಜಾತ್ರೆಗೆ ನಡೆಯಬೇಕು ಎಂಬ ಸಂಕಲ್ಪ ಅವನದಿತ್ತು. ಅಷ್ಟರಲ್ಲಿ ತಾಯಿಯ ಬೇನೆ ಬೆಳೆಯಿತು. ಈಗ ಅವನಿಗೆ ಊರ ಮಠದವರೆಗೆ ಹೋಗಿಬರುವುದೂ ಲೆಕ್ಕ ಹಾಕಿ ಮಾಡಬೇಕಾದ ಪ್ರಯಾಣ. ಇಂಥ ಮನೆಗಳು ಇಂದು ಊರೂರಲ್ಲಿಯೂ ಇವೆ.

ಧನುರ್ಮಾಸದ ಆ ಸೀಮೆಯ ಚಳಿ ಒಣ ಚಳಿ. ಹಗಲು ಹಿತವಾದ ಬಿಸಿಲಿದ್ದರೂ ರಾತ್ರಿ 10-12 ಡಿಗ್ರಿಗೆ ಇಳಿಯುವುದುಂಟು. ತರುಣರಿಗೆ ಅದು ಸುಖದ ಕಾಲ. ಬೇನೆಯ ವೃದ್ಧರಿಗೆ ಹಾಗಲ್ಲ. ಏಕೆಂದರೆ ಮೈ ನಡುಗುತ್ತಿದ್ದರೂ ‘ಚಳಿಯಾಗುತ್ತಿದೆ’ ಎಂದು ಹೇಳುವ ಮಾತು ಅವರಿಗೆ ದೊರೆಯುವುದಿಲ್ಲ. ಹೊದಿಸಿದ ಕೌದಿಯನ್ನು ಒದೆದು ಎಸೆದು, ಬರಿಮೈಯಲ್ಲಿ ಗೋಡೆಗೆ ಒರಗಿ ಕುಳಿತಿರುವರು. ಆದುದರಿಂದ ಕೇಳಿ ತಿಳಿಯುವುದನ್ನು ಬಿಟ್ಟು ಮುಟ್ಟಿ ತಿಳಿಯಬೇಕು. ಕೈಬೆರಳಿಗಿಂತಲೂ ಹೊಟ್ಟೆ, ಬೆನ್ನುಗಳನ್ನು ಮುಟ್ಟಿನೋಡುವುದು ಲೇಸು. ಅವೂ ತಣ್ಣಗಿದ್ದರೆ ತಡಮಾಡಬಾರದು. ಒಂದು ದಪ್ಪ ಕಂಬಳಿಗಿಂತ ತೆಳುವಾದ ಎರಡು ಮೂರು ಬಟ್ಟೆಗಳು ಒಂದರಮೇಲೊಂದು ಇದ್ದರೆ ಬೆಚ್ಚಗೂ ಇರುವುದು, ಕೂಡಲೇ ಕಿತ್ತೆಸೆಯಲೂ ಆಗದು.

ಸ್ನಾನವೇ ಪ್ರಾತಃಕಾಲದ ದೊಡ್ಡ ಸಮಸ್ಯೆ. ಜನ್ಮವಿಡೀ ನಸುಕಿನಲ್ಲಿ ಮಿಂದು ವಿಭೂತಿ ಧರಿಸಿದ ತಾಯಿ ಈಗ ನೀರನ್ನು ಕಂಡರೆ ಕೂಗಿಕೊಳ್ಳುವಳು. ಬಚ್ಚಲಿನ ಕತ್ತಲೆ, ತಣ್ಣನೆಯ ಕಲ್ಲು, ಮೈಮೇಲಿನ ಸೀರೆಯನ್ನು ಯಾರೋ ಸೆಳೆಯುತ್ತಿರುವರೆಂಬ ಭ್ರಮೆ, ಇವೆಲ್ಲ ಸೇರಿ ಆಕೆಗೆ ಅದು ಹಿಂಸೆಯಾಗಿ ತೋರುವುದು. ಇಲ್ಲಿ ಹಟ ಮಾಡಿ ಗೆದ್ದವರಿಲ್ಲ. ಬಿಸಿಲೇರಿದ ಮೇಲೆ, ಹತ್ತು ಹನ್ನೊಂದು ಗಂಟೆಗೆ ಸ್ನಾನವನ್ನು ಇಟ್ಟುಕೊಂಡರೆ ಯಾವ ಶಾಸ್ತ್ರಕ್ಕೂ ಭಂಗವಿಲ್ಲ. ಹಂಡೆಯ ನೀರನ್ನು ಮೊಣಕೈಯಿಂದ ಪರೀಕ್ಷಿಸಿಯೇ ಹಾಕಬೇಕು. ಸುಡುವುದೆಂದು ಆಕೆ ಹೇಳುವ ವೇಳೆಗೆ ತೆಳುವಾದ ಚರ್ಮ ಬೆಂದಿರುವುದು. ತಂಬಿಗೆಯನ್ನು ಆಕೆಯ ಕೈಗೇ ಕೊಟ್ಟು ಮೊದಲ ನೀರನ್ನು ತನ್ನ ಕಾಲಿಗೆ ತಾನೇ ಹಾಕಿಕೊಳ್ಳುವಂತೆ ಮಾಡಿದರೆ ಅರ್ಧ ಜಗಳ ಅಲ್ಲಿಗೇ ಶಮನವಾಗುವುದು. ದಿನಬಿಟ್ಟು ದಿನ ಒದ್ದೆ ಬಟ್ಟೆಯಿಂದ ಮೈಯೊರಸಿದರೂ ಸಾಕು.

ಇನ್ನು ಪೂಜೆ. ಈ ಬೇನೆಯಲ್ಲಿ ಮೊದಲು ಅಳಿಯುವುದು ಇತ್ತೀಚಿನ ಸಂಗತಿಗಳ ನೆನಪು. ಬಾಲ್ಯದಿಂದ ಕೈಗೆ ರೂಢಿಯಾದ ಕ್ರಿಯೆಗಳ ನೆನಪು ಮಿದುಳಿನ ಬೇರೆ ಭಾಗಗಳನ್ನು ಆಶ್ರಯಿಸಿರುವುದರಿಂದ ಬಹುಕಾಲ ಉಳಿಯುವುದು. ಹಾಡು ಕೂಡ ಹಾಗೆಯೇ. ಮಾತು ತಪ್ಪಿದವರೂ ಪದದ ಧಾಟಿಯನ್ನು ತಪ್ಪದೆ ಹಿಡಿಯುವುದುಂಟು. ಪೂಜೆಯಾಯಿತೇ ಎಂದು ಕೇಳಿದರೆ ಆ ತಾಯಿ ತಬ್ಬಿಬ್ಬಾಗುವಳು. ಕೇಳದೆ, ಎಡಗೈಯನ್ನು ಮೆಲ್ಲನೆ ಹಿಡಿದು ಅಂಗೈಯಲ್ಲಿ ಇಷ್ಟಲಿಂಗವನ್ನು ಇರಿಸಿದರೆ, ಬೆರಳುಗಳು ತಾವಾಗಿಯೇ ಮಡಿಚಿ ಬಟ್ಟಲಿನಂತಾಗುವುವು. ಬಲಗೈ ವಿಭೂತಿಯನ್ನು ಅರಸುವುದು. ಮಗನ ಹೆಸರನ್ನು ಮರೆತ ಜೀವದಲ್ಲಿ ಅಂಗೈ ಮರೆತಿಲ್ಲ. ಇಷ್ಟಲಿಂಗಕ್ಕೂ ಪ್ರಾಣಲಿಂಗಕ್ಕೂ ಭೇದವಿಲ್ಲವೆಂದು ಶರಣರು ಬೋಧಿಸಿದುದನ್ನು ತಿಳಿಯಲು ದೊಡ್ಡ ವ್ಯಾಖ್ಯಾನಗ್ರಂಥಗಳಿಗಿಂತ ಇದು ಸುಲಭವಾದ ದಾರಿ ಎನ್ನಬೇಕು.

ಆದರೆ ಇದೇ ಎಡೆಯಲ್ಲಿ ಕಠಿಣವಾದ ಪ್ರಶ್ನೆಯೊಂದು ಹುಟ್ಟುತ್ತದೆ. ಶಿವದಾರವು ಕೊರಳಿಗೆ ಚುಚ್ಚುತ್ತದೆಂದು ಆಕೆ ಅದನ್ನು ಕಿತ್ತುಹಾಕುವಳು. ಕರಡಿಗೆಯನ್ನು ಜೋಳದ ಚೀಲದಲ್ಲಿ ಬಚ್ಚಿಡುವಳು. ಒಂದು ದಿನ ಎಲ್ಲಿ ಹುಡುಕಿದರೂ ಸಿಗದೆ ಹೋಗಬಹುದು. ಲಿಂಗವು ಅಂಗದಿಂದ ಅಗಲಿದರೆ ಪ್ರಾಣವನ್ನೇ ತೊರೆಯಬೇಕೆಂಬಷ್ಟು ಬಿಗಿಯಾದ ವಿಧಿ ಆಚಾರಗ್ರಂಥಗಳಲ್ಲಿರುವುದು ಸತ್ಯ. ಅದನ್ನು ಕೇಳಿ ತಿಳಿದ ಮನೆಯವರು ಹೆದರುವುದೂ ಸಹಜ. ಎಂಬತ್ತು ವರ್ಷದ ವ್ರತ ಕೆಟ್ಟಿತೆ? ಆಕೆಗೆ ಇನ್ನು ಪ್ರಸಾದವನ್ನು ಕೊಡಬಹುದೆ?

ಶಬ್ದಾರ್ಥವನ್ನು ವಿಚಾರಿಸಿದರೆ ಈ ಭಯ ನಿಲ್ಲುವುದಿಲ್ಲ. ಆ ವಿಧಿಗಳು ಹೇಳುವುದು ಪ್ರಮಾದದ ವಿಷಯವನ್ನು. ಪ್ರಮಾದವೆಂದರೆ ಅನವಧಾನ, ಅವಧಾನ ಉಳ್ಳವನು ಅದನ್ನು ಬಿಟ್ಟಾಗ ಮಾತ್ರ ಅನವಧಾನವೆಂಬ ಮಾತು ಸಲ್ಲುತ್ತದೆ. ಕಣ್ಣಿದ್ದವನು ನೋಡದೆ ಎಡವಿದರೆ ಅಜಾಗ್ರತೆ. ಕುರುಡನು ಎಡವಿದರೆ ಅಜಾಗ್ರತೆಯೆನ್ನುವ ನ್ಯಾಯವಿಲ್ಲ. ಅವಧಾನದ ಕರಣವೇ ಬೇನೆಯಿಂದ ಸವೆದವರಲ್ಲಿ ಪ್ರಮಾದದೋಷ ಸಂಭವಿಸುವುದೆಂತು? ಅಂಗಕ್ಕೆ ಕಟ್ಟಿದ ಲಿಂಗವನ್ನು ಶಿಶು ಎಳೆದುಕೊಂಡರೆ ತಾಯಿ ಮರಳಿ ಕಟ್ಟುವಳಲ್ಲದೆ ಶಿಶುವನ್ನು ಭವಿಯೆಂದು ದೂರವಿಡುವಳೆ? ಅಂದು ಶಿಶುವಿಗೆ ಕಟ್ಟಿದ ತಾಯಿಗೆ ಇಂದು ಮಗನು ಕಟ್ಟತಕ್ಕದ್ದು. ಕಳೆದೇಹೋದ ಪಕ್ಷದಲ್ಲಿ ತಮ್ಮ ಮನೆತನದ ಗುರುಗಳಲ್ಲಿ ಅರಿಕೆ ಮಾಡಿಕೊಂಡು ಅವರ ಹಸ್ತದಿಂದ ಮತ್ತೆ ಲಿಂಗವನ್ನು ಪಡೆಯುವುದು ಕ್ರಮ. ಈ ವಿಷಯದಲ್ಲಿ ಪಕ್ಕದ ಮನೆಯವರ ತೀರ್ಪನ್ನು ಕೇಳುವ ಅಗತ್ಯವಿಲ್ಲ. ವ್ಯವಹಾರದಲ್ಲಿ ಹೇಳುವುದಾದರೆ, ಒರಟು ದಾರದ ಬದಲು ಮೆತ್ತನೆಯ ಹತ್ತಿಯ ದಾರವನ್ನು ಬಳಸುವುದು, ಗಂಟನ್ನು ಕೈಗೆಟುಕದಂತೆ ಬೆನ್ನಿನ ಕಡೆಗೆ ಹಾಕುವುದು, ಬೆಳ್ಳಿಯ ಭಾರವಾದ ಕರಡಿಗೆಯನ್ನು ಬಿಟ್ಟು ಲಿಂಗವಸ್ತ್ರದಲ್ಲಿ ಸುತ್ತಿ ಕಟ್ಟುವುದು ಮೇಲು. ರಾತ್ರಿ ನಿದ್ದೆಯಲ್ಲಿ ಹೊರಳಾಡುವವರಿಗೆ ಕೊರಳಿನ ದಾರ ಬಿಗಿಯದಂತೆ ಎಚ್ಚರ ವಹಿಸುವುದೂ ಅವಶ್ಯ.

ಮಧ್ಯಾಹ್ನದ ವೇಳೆ ನಿರಾಯಾಸವಾದುದು. ಅಂಗಳದ ಬಿಸಿಲಿನಲ್ಲಿ ಚಾಪೆ ಹಾಸಿ, ಮೊರದಲ್ಲಿ ಶೇಂಗಾ ಹಾಕಿ ಮುಂದಿಟ್ಟರೆ ಆಕೆ ತಾಸುಗಟ್ಟಲೆ ಸುಲಿಯುವಳು. ಜೋಳ ಹಸನು ಮಾಡುವುದು, ಅವರೆಕಾಯಿ ಬಿಡಿಸುವುದು, ಬತ್ತಿ ಹೊಸೆಯುವುದು, ಯಾವುದಾದರೂ ಆಗಬಹುದು. ಸಿಪ್ಪೆ ಕಾಳುಗಳು ಮತ್ತೆ ಬೆರೆತುಹೋದರೆ ಹೋಗಲಿ. ಕಾಯಕವೆಂಬ ಶಬ್ದಕ್ಕೆ ಫಲದ ತೂಕದಿಂದ ಬೆಲೆ ಕಟ್ಟುವವರು ಇದನ್ನು ವ್ಯರ್ಥವೆನ್ನಬಹುದು; ಸುಲಿಯುತ್ತಿರುವಾಗ ಆಕೆಯ ಮುಖದಲ್ಲಿರುವ ನೆಮ್ಮದಿಯನ್ನು ಅವರು ನೋಡಿಲ್ಲ. ಚಳಿಯಲ್ಲಿ ಬಾಯಾರಿಕೆ ತೋರುವುದಿಲ್ಲವಾದ್ದರಿಂದ ಈ ವೇಳೆಯಲ್ಲಿಯೇ ಎರಡು ಮೂರು ಸಲ ಬಿಸಿನೀರೋ ಅಂಬಲಿಯೋ ಗುಟುಕು ಗುಟುಕಾಗಿ ಕುಡಿಸತಕ್ಕದ್ದು. ನೀರು ಕಡಿಮೆಯಾದರೆ ಮಲಬದ್ಧತೆ, ಮೂತ್ರದ ಸೋಂಕು. ಅವುಗಳಿಂದ ಬುದ್ಧಿಭ್ರಮೆ ಒಮ್ಮೆಲೆ ಏರುವುದು. ಒಂದೆರಡು ದಿನಗಳಲ್ಲಿಯೇ ಯಾರಾದರೂ ಹಠಾತ್ತಾಗಿ ಹೆಚ್ಚು ಗೊಂದಲಕ್ಕೊಳಗಾದರೆ ‘ಬೇನೆ ಬೆಳೆಯಿತು’ ಎಂದು ಕೈಚೆಲ್ಲದೆ, ಸೋಂಕೋ ಪುಪ್ಪುಸದ ಜ್ವರವೋ ಇರಬಹುದೆಂದು ವೈದ್ಯರಿಗೆ ತೋರಿಸಬೇಕು.

ಸಂಜೆಯೇ ಕಷ್ಟದ ಹೊತ್ತು. ಜೂನ್ ತಿಂಗಳಲ್ಲಿ ಈ ಸೀಮೆಯ ಹಗಲು ಸುಮಾರು 13 ಗಂಟೆಯಾದರೆ ಡಿಸೆಂಬರಿನಲ್ಲಿ ಸುಮಾರು 11 ಗಂಟೆ ಮಾತ್ರ. ಆರರ ಸುಮಾರಿಗೆ ಹೊತ್ತು ಮುಳುಗಿ ನೆರಳುಗಳು ಉದ್ದವಾದಂತೆ ಆ ತಾಯಿಗೆ ಚಡಪಡಿಕೆ ಆರಂಭವಾಗುವುದು. “ಹೊತ್ತು ಮುಳಗಾಕ ಬಂತು, ನನ್ನ ಮನೀಗೆ ಕಳಸೋ ಯಪ್ಪಾ, ಅಣ್ಣ ದಾರಿ ನೋಡತಿರ್ತಾನ” ಎಂದು ಬಾಗಿಲಿಗೆ ಬರುವಳು. ಅಣ್ಣನು ತೀರಿಕೊಂಡು ಮೂವತ್ತು ವರ್ಷವಾಗಿದೆ. ಆಕೆ ನಿಂತಿರುವುದು ತನ್ನ ಮನೆಯಲ್ಲಿಯೇ. ಮೊದಮೊದಲು ಮಗನು, “ಅವ್ವಾ, ಇದ ನಿನ್ನ ಮನಿ, ಮಾವ ಸತ್ತು ಎಷ್ಟು ವರ್ಷಾತು” ಎಂದು ಸತ್ಯವನ್ನು ಹೇಳಿದರೆ, ಆಕೆ ಆ ಕ್ಷಣವೇ ಸುದ್ದಿ ಕೇಳಿದವಳಂತೆ ಎದೆ ಬಡಿದುಕೊಂಡು ಅತ್ತಳು. ಮರುಸಂಜೆ ಅದೇ ಪ್ರಶ್ನೆ, ಅದೇ ಉತ್ತರ, ಅದೇ ಗೋಳು.

ಸತ್ಯವೇ ಆಚಾರವೆಂದು ನಂಬಿದ ಭಕ್ತನಿಗೆ ಇದು ಧರ್ಮಸಂಕಟ. ಸುಳ್ಳಾಡಬಾರದು, ಸತ್ಯವೋ ದಿನಕ್ಕೊಂದು ಸಾವನ್ನು ತಂದಿಡುತ್ತದೆ. ವಾಸ್ತವವಾಗಿ ಆಕೆ ಕೇಳುತ್ತಿರುವುದು ಅಣ್ಣನ ವರ್ತಮಾನವನ್ನಲ್ಲ. ಕತ್ತಲಾಗುವಾಗ ತನ್ನವರು ಬೇಕೆಂಬುದು ಆ ಮಾತಿನ ಅರ್ಥ. ಆ ಅರ್ಥಕ್ಕೆ ಉತ್ತರ ಕೊಟ್ಟರೆ ಸುಳ್ಳಿನ ಪ್ರಸಕ್ತಿಯೇ ಬರುವುದಿಲ್ಲ. “ನಿಮ್ಮ ಅಣ್ಣ ಬಾಳ ಛಲೋ ಮನಷ್ಯಾ ಇದ್ದನಲ್ಲ ಅವ್ವಾ, ನಿನಗ ಜಾತ್ರ್ಯಾಗ ಬಳಿ ಕೊಡಸ್ತಿದ್ದನಂತ” ಎಂದರೆ ಆಕೆ ಬಳೆಯ ಮಾತಿಗೆ ತಿರುಗುವಳು. ದಯೆಯನ್ನು ಧರ್ಮದ ಮೂಲವೆಂದು ಹೇಳಿದ ಪರಂಪರೆಯಲ್ಲಿ ಇಷ್ಟು ಜಾಣ್ಮೆಗೆ ಎಡೆಯಿಲ್ಲದಿದ್ದರೆ ಹೇಗೆ? ಹೊತ್ತು ಮುಳುಗುವ ಅರ್ಧ ಗಂಟೆ ಮುಂಚೆಯೇ ಎಲ್ಲ ಕೋಣೆಗಳ ದೀಪ ಹೊತ್ತಿಸುವುದು, ಕಿಟಕಿಗೆ ಪರದೆ ಎಳೆಯುವುದು, ಕನ್ನಡಿಗೆ ಬಟ್ಟೆ ಮುಚ್ಚುವುದು (ಅದರಲ್ಲಿ ಕಾಣುವ ಮುದುಕಿ ಯಾರೆಂದು ಆಕೆಗೆ ಭಯ), ಇವೂ ಸಹಾಯಕ. ದೂರದರ್ಶನದ ಧಾರಾವಾಹಿಗಳ ಕಿರಿಚಾಟ ಆ ವೇಳೆಯಲ್ಲಿ ಬೇಡವೇ ಬೇಡ.

ರಾತ್ರಿಯ ಚಳಿಗೆ ಅಗ್ಗಿಷ್ಟಿಕೆಯಲ್ಲಿ ಇದ್ದಿಲ ಕೆಂಡ ಹಾಕಿ ಕೋಣೆಯ ಬಾಗಿಲು ಮುಚ್ಚಿ ಮಲಗುವ ರೂಢಿ ಹಳ್ಳಿಗಳಲ್ಲಿ ಇನ್ನೂ ಇದೆ. ಅದರಿಂದ ಹುಟ್ಟುವ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷವಾಯುವಿಗೆ ವಾಸನೆಯಿಲ್ಲ, ಬಣ್ಣವಿಲ್ಲ. ಮಲಗಿದವರು ಮಲಗಿದಂತೆಯೇ ಪ್ರಾಣ ಬಿಡುವರು. ಮಲಗುವ ಮುಂಚೆ ಕೋಣೆಯನ್ನು ಬೆಚ್ಚಗೆ ಮಾಡಿ ಕೆಂಡವನ್ನು ಹೊರಗಿಡುವುದೇ ಸರಿ. ಪಾದಕ್ಕೆ ಉಣ್ಣೆಯ ಕಾಲುಚೀಲ, ಬಚ್ಚಲಿನ ದಾರಿಯಲ್ಲಿ ಸಣ್ಣ ದೀಪ, ಹೊರಬಾಗಿಲಿಗೆ ಕದಲಿದರೆ ಸದ್ದು ಮಾಡುವ ಗೆಜ್ಜೆಯ ಕಟ್ಟು. ಆಕೆಯ ಸೀರೆಯ ಸೆರಗಿಗೋ ತೋಳಿಗೋ ಮನೆಯ ವಿಳಾಸವನ್ನು ಹೊಲಿದಿರುವುದು. ನಿದ್ರೆಯ ಮಾತ್ರೆಯನ್ನು ವೈದ್ಯರನ್ನು ಕೇಳದೆ ಕೊಡಬಾರದು. ಮಂಪರಿನಲ್ಲಿ ಎದ್ದು ಬಿದ್ದರೆ ತೊಡೆಯ ಮೂಳೆ ಮುರಿಯುವುದು.

ಇಷ್ಟೆಲ್ಲ ಮಾಡುವವರು ಯಾರು ಎಂಬುದನ್ನೂ ಕೇಳಬೇಕಾಗಿದೆ. ಮಾತಿಗೆ ‘ಮಗನು ತಾಯಿಯನ್ನು ನೋಡಿಕೊಳ್ಳುತ್ತಾನೆ’ ಎನ್ನುವರು. ಒಳಗೆ ಹೊಕ್ಕು ನೋಡಿದರೆ ಒದ್ದೆಯಾದ ಹಾಸಿಗೆಯನ್ನು ತೊಳೆಯುವವಳು, ರೊಟ್ಟಿಯನ್ನು ಹಾಲಿನಲ್ಲಿ ಹಿಚುಕಿ ಉಣಿಸುವವಳು, ರಾತ್ರಿ ಮೂರು ಸಲ ಏಳುವವಳು ಸೊಸೆ. ಆಕೆಗೂ ಅರವತ್ತು ಸಮೀಪಿಸಿದೆ; ಆಕೆಯ ಮೊಣಕಾಲೂ ನೋಯುತ್ತದೆ; ನಿವೃತ್ತಿಯೆಂಬುದು ಆಕೆಗೆ ಯಾವ ಕಚೇರಿಯಿಂದಲೂ ಬರಲಿಲ್ಲ. ಯಜಮಾನನು ಮುಂಜಾನೆ ಎರಡು ತಾಸು ಪೂಜಾಮಗ್ನನಾಗಿರುವಾಗ ಸೊಸೆಯು ಅರ್ಧ ಗಳಿಗೆಯಲ್ಲಿ ಲಿಂಗಾರ್ಚನೆ ಮುಗಿಸಿ ಏಳಬೇಕಾಗಿ ಬಂದು, ‘ನನ್ನ ಪೂಜೆ ಕೆಟ್ಟಿತು’ ಎಂದು ಕಣ್ಣೀರಿಡುತ್ತಿದ್ದರೆ, ಆ ಎರಡು ತಾಸಿನ ಪೂಜೆಯ ವಿಷಯದಲ್ಲಿಯೇ ಸಂದೇಹ ಪಡಬೇಕಾಗುವುದು. ಕಾಯಕದಲ್ಲಿ ತೊಡಗಿದ ಹೊತ್ತಿನಲ್ಲಿ ಗುರುಲಿಂಗಜಂಗಮರೂ ಎರಡನೆಯವರಾಗುವರೆಂಬಷ್ಟು ದಿಟ್ಟವಾದ ನಿಲುವು ಆಯ್ದಕ್ಕಿ ಮಾರಯ್ಯನದು. ಅವನ ಮಡದಿ ಲಕ್ಕಮ್ಮನು ಅವನು ಅಗತ್ಯಕ್ಕಿಂತ ಹೆಚ್ಚಾಗಿ ಆಯ್ದು ತಂದ ಅಕ್ಕಿಯನ್ನು ಹಿಂದಕ್ಕೆ ಸುರಿದು ಬರುವಂತೆ ಕಳುಹಿದಳೆಂಬ ಕಥೆಯೂ ಸರ್ವವಿದಿತ. ಒಬ್ಬಳ ಮಡಿಲಿಗೆ ಒಂದು ಮನೆಯ ಭಾರವೆಲ್ಲ ಬಿದ್ದಿದ್ದರೆ ಅದೂ ಹೆಚ್ಚಾದ ಅಕ್ಕಿಯೇ. ಹಂಚಿಕೊಳ್ಳದೆ ಅದು ಜೀರ್ಣವಾಗದು. ಗಂಡನು ಪೂಜೆಯನ್ನು ಒಂದು ತಾಸಿಗೆ ಇಳಿಸಿ ಆ ಇನ್ನೊಂದು ತಾಸು ತಾಯಿಯ ಬಳಿ ಕೂತರೆ ಯಾವ ಲಿಂಗವೂ ಮುನಿಯದು. ದೂರದಲ್ಲಿರುವ ತಮ್ಮಂದಿರು ದೂರವಾಣಿಯಲ್ಲಿ ಉಪದೇಶ ಮಾಡುವುದರ ಬದಲು ವರ್ಷಕ್ಕೆ ಹದಿನೈದು ದಿನ ಬಂದು ಇರಲಿ; ಬರಲಾಗದವರು ಒಬ್ಬ ಸಹಾಯಕಿಯ ಸಂಬಳವನ್ನು ಕಳುಹಲಿ.

ನೆರವು ಕೇಳಲು ಸಂಕೋಚಪಡಬಾರದು. ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್ ಸಂಸ್ಥೆಗಳಲ್ಲಿ ತಜ್ಞರಿದ್ದಾರೆ. 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಸೇವೆಗೆ 14416 ಸಂಖ್ಯೆಗೂ, ಹಿರಿಯ ನಾಗರಿಕರ ಸಹಾಯವಾಣಿಗೆ 14567 ಸಂಖ್ಯೆಗೂ ಕರೆ ಮಾಡಬಹುದು; ಸೇವೆ ಮಾಡುವವರು ತಮ್ಮ ಮನೋಭಾರವನ್ನು ಹೇಳಿಕೊಳ್ಳಲೂ ಇವು ಉಪಯುಕ್ತ.

ಎಳ್ಳಮಾವಾಸ್ಯೆ ಸಂಕ್ರಾಂತಿಗಳು ಬಂದಾಗ ಆಕೆಯನ್ನು ಹೊಲಕ್ಕೆ ಕರೆದೊಯ್ಯಬಹುದೆ ಎಂದು ಹಲವರು ಕೇಳುವರು. ಹಬ್ಬದ ಗದ್ದಲದ ಜಾತ್ರೆಗೆ ಬೇಡ. ಹೊಲಕ್ಕೆ ಮನೆಯ ನಾಲ್ಕೈದು ಜನರ ಜೊತೆಗೆ, ಬಿಸಿಲಿರುವಾಗ ಹೋಗಿ ಬಿಸಿಲಿರುವಾಗಲೇ ಮರಳುವುದಾದರೆ ಧಾರಾಳವಾಗಿ ಹೋಗಬಹುದು. ಬಿಳಿಜೋಳದ ತೆನೆಗಳ ನಡುವೆ ಚರಗ ಚೆಲ್ಲುವ ಕೂಗು ಕೇಳಿದರೆ ಆಕೆಯ ಬಾಯಿಂದಲೂ ಅದೇ ಕೂಗು ಹೊರಡುವುದುಂಟು. ಸಜ್ಜೆಯ ರೊಟ್ಟಿಯನ್ನು ತುಣುಕು ಮಾಡಿ ಪಲ್ಲೆಯ ರಸದಲ್ಲಿ ನೆನೆಸಿ ಕೊಡಬೇಕು. ಒಣ ತುತ್ತು ಗಂಟಲಿಗೆ ಸಿಕ್ಕಿಕೊಳ್ಳುವ ಭಯವಿದೆ. ಕುಸರೆಳ್ಳಿನ ಗಟ್ಟಿ ಕಾಳಿಗಿಂತ ಎಳ್ಳು ಬೆಲ್ಲವನ್ನು ಕುಟ್ಟಿ ಪುಡಿಮಾಡಿದ್ದು ಸುರಕ್ಷಿತ.

ಉಳವಿಯ ಸಂಕಲ್ಪ ಉಳಿದಿದ್ದರೆ ಆ ಗೃಹಸ್ಥನೂ ಅವನ ಮಡದಿಯೂ ಹೋಗಿಬರಲಿ. ಆದರೆ ಆ ನಾಲ್ಕು ದಿನ ಮನೆಯಲ್ಲಿ ನಿಲ್ಲುವ ತಮ್ಮನೋ ತಂಗಿಯೋ ಎರಡು ದಿನ ಮುಂಚೆಯೇ ಬಂದು ಜೊತೆಗಿದ್ದು ಕಲಿಯಬೇಕು. ಹಿತ್ತಾಳೆಯ ಲೋಟದಲ್ಲಿ ಕೊಟ್ಟರೆ ಮಾತ್ರ ಹಾಲು ಕುಡಿಯುವಳು. ಶಿವದಾರದ ಗಂಟು ಬೆನ್ನಿನ ಎಡಕ್ಕಿದೆ. ಲಿಂಗ ಕಾಣದಿದ್ದರೆ ಮೊದಲು ಜೋಳದ ಚೀಲದಲ್ಲಿ, ಆಮೇಲೆ ತಲೆದಿಂಬಿನ ಕೆಳಗೆ ಹುಡುಕಬೇಕು. ಐದೂವರೆಗೆ ದೀಪ ಹಾಕಬೇಕು. ಅಣ್ಣ ಎಲ್ಲಿ ಎಂದು ಕೇಳಿದರೆ ಬಳೆಯ ಮಾತನ್ನು ತೆಗೆಯಬೇಕು. ಇವನ್ನೆಲ್ಲ ಒಂದು ಹಾಳೆಯಲ್ಲಿ ದಪ್ಪ ಅಕ್ಷರದಲ್ಲಿ ಬರೆದು ಅಡುಗೆಮನೆಯ ಬಾಗಿಲಿಗೆ ಅಂಟಿಸಿ ಹೊರಡುವುದು.